ಗಿಫ್ಟ್: ಒಂದೆಡೆ ಉಡುಗೊರೆ, ಒಂದೆಡೆ ವಿಷ

ಜರ್ಮನ್ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ವಿದ್ಯಾರ್ಥಿ ಆ ದೇಶದ ಅಂಗಡಿಯೊಂದರಲ್ಲಿ ಡಬ್ಬಿಯ ಮೇಲೆ ‘ರಾಟನ್‌ಗಿಫ್ಟ್’ ಎಂದು ಓದಿದರೆ ತಬ್ಬಿಬ್ಬಾಗುವುದು ಸಹಜ. ಇಲಿಗೂ ಉಡುಗೊರೆಯೇ? ಡಬ್ಬಿಯಲ್ಲಿರುವುದು ಇಲಿಪಾಷಾಣ. ಇಂಗ್ಲಿಷಿನಲ್ಲಿ ಹುಟ್ಟುಹಬ್ಬದ ದಿನ ಕೈಗೆ ಬರುವ ‘ಗಿಫ್ಟ್’ ಜರ್ಮನ್ನಿನಲ್ಲಿ ವಿಷ. ಅಕ್ಷರಗಳೂ ಅವೇ, ಉಚ್ಚಾರವೂ ಹೆಚ್ಚುಕಡಿಮೆ ಅದೇ.

ಇದು ಆಕಸ್ಮಿಕ ಹೋಲಿಕೆಯಲ್ಲ. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬನ್’, ಡಚ್ಚಿನ ‘ಖೇವನ್’ ಎಲ್ಲವೂ ‘ಕೊಡು’ ಎಂಬ ಒಂದೇ ಧಾತುವಿನ ಮಕ್ಕಳು. ‘ಗಿಫ್ಟ್’ ಎಂದರೆ ಕೊಟ್ಟದ್ದು, ಅಷ್ಟೇ. ಏನು ಕೊಟ್ಟರು, ಯಾರಿಗೆ ಕೊಟ್ಟರು ಎಂಬಲ್ಲಿ ದಾರಿ ಕವಲೊಡೆಯಿತು.

ಹಳೆಯ ಜರ್ಮನ್ನಿನಲ್ಲಿ ಅದಕ್ಕೆ ಉಡುಗೊರೆ ಎಂಬ ಅರ್ಥವೂ ಇತ್ತು. ಗ್ರೀಕಿನಲ್ಲಿ ‘ಡೋಸಿಸ್’ ಎಂದರೆ ಕೊಡುವಿಕೆ; ವೈದ್ಯರು ಒಂದು ಸಲಕ್ಕೆ ಕೊಡುವ ಔಷಧಕ್ಕೂ ಅದೇ ಹೆಸರಾಯಿತು. ಈಗ ಎಲ್ಲರ ಬಾಯಲ್ಲಿರುವ ‘ಡೋಸ್’ ಅದೇ. ಲ್ಯಾಟಿನ್ ಮೂಲಕ ಬಂದ ಆ ಪದದ ಜಾಡಿನಲ್ಲೇ ಜರ್ಮನ್ ‘ಗಿಫ್ಟ್’ ಔಷಧದತ್ತ, ಅಲ್ಲಿಂದ ವಿಷದತ್ತ ಸರಿಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ವಿಷ ಎಂದು ನೇರವಾಗಿ ಹೇಳಲು ಮನುಷ್ಯನಿಗೆ ಎಲ್ಲ ಕಾಲಕ್ಕೂ ಅಳುಕೇ. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಜ್ವರಕ್ಕೆ ಮದ್ದು ಕೊಡುತ್ತಾರೆ; ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಮಾತೇ ಬೇರೆ. ಇಂಗ್ಲಿಷಿನ ‘ಪಾಯ್ಸನ್’ ಕೂಡ ಮೂಲ ಲ್ಯಾಟಿನ್ನಿನಲ್ಲಿ ಬರೀ ‘ಕುಡಿಯುವುದು’ ಆಗಿತ್ತು! ವಿಷಕ್ಕೆ ಜರ್ಮಾನಿಕ್ ಭಾಷೆಗಳಲ್ಲಿದ್ದ ಹಳೆಯ ಪದ ಐಸ್‌ಲ್ಯಾಂಡಿನಲ್ಲಿ ಇಂದಿಗೂ ವಿಷವೇ. ಜರ್ಮನ್ನಿನಲ್ಲಿ ಅದು ‘ಐಟರ್’ ಆಗಿ ಗಾಯದ ಕೀವಿಗೆ ಇಳಿದಿದೆ.

ಕೊಡುಗೆಯ ಹಳೆಯ ಅರ್ಥ ಜರ್ಮನ್ನಿನ ಒಂದು ಮೂಲೆಯಲ್ಲಿ ಉಳಿದುಕೊಂಡಿದೆ. ‘ಮಿಟ್‌ಗಿಫ್ಟ್’ ಎಂದರೆ ಮಗಳ ಜೊತೆಗೆ ಕೊಟ್ಟು ಕಳಿಸುವುದು, ಅರ್ಥಾತ್ ವರದಕ್ಷಿಣೆ. ಅದರಲ್ಲೂ ವಿಷ ಕಂಡವರನ್ನು ತಪ್ಪೆನ್ನುವಂತಿಲ್ಲ. ಡಚ್ಚರು ಜಾಣರು: ಕೊನೆಯ ‘ಟ್’ ಇದ್ದರೆ ದಾನ, ಬಿಟ್ಟರೆ ವಿಷ.

ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ತಮಾಷೆ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಇದೇ ಪದಕ್ಕೆ ವಿಷ ಎಂಬ ಅರ್ಥವೂ ಉಂಟು, ‘ಮದುವೆಯಾದ’ ಎಂಬ ಅರ್ಥವೂ ಉಂಟು. ಎರಡನೆಯದು ಬಂದದ್ದು ಹೆಣ್ಣು ಕೊಡುವ ಪದ್ಧತಿಯಿಂದ. ‘ಮಗಳನ್ನು ಧಾರವಾಡಕ್ಕೆ ಕೊಟ್ಟಿದ್ದಾರೆ’ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಇಂಗ್ಲಿಷಿನಲ್ಲೂ ಈ ಪದ ಕನ್ಯಾಶುಲ್ಕವನ್ನು ಸೂಚಿಸುತ್ತಿತ್ತು. ಬಹುವಚನದಲ್ಲಿ ಮದುವೆಯೆಂದೇ ಅರ್ಥ. ಆಗ ಅದರ ಉಚ್ಚಾರ ‘ಯಿಫ್ಟ್’. ಉತ್ತರದಿಂದ ದಂಡೆತ್ತಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ಮಾತಿನ ಪ್ರಭಾವದಿಂದ ಇಂದಿನ ‘ಗ’ಕಾರವೂ ಉಡುಗೊರೆಯ ಅರ್ಥವೂ ಬಂದವು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಕಿಟ್ಟೆಲ್ ಜರ್ಮನಿಯವರು. ಅವರ ತಾಯ್ನುಡಿಯ ವಿಷ, ಅವರು ಕನ್ನಡಕ್ಕೆ ಅರ್ಥ ಬರೆದ ಭಾಷೆಯಲ್ಲಿ ಉಡುಗೊರೆ!

ಓದಲು ಜರ್ಮನಿಗೆ ಹೊರಟವರು ‘ಗಿಫ್ಟ್‌ನೋಟ್‌ರೂಫ್’ ಎಂಬುದನ್ನು ನೆನಪಿಟ್ಟಿರುವುದು ಒಳ್ಳೆಯದು. ಅದು ಉಡುಗೊರೆ ಅಂಗಡಿಯದಲ್ಲ, ವಿಷ ಹೊಟ್ಟೆಗೆ ಹೋದಾಗ ಸಲಹೆ ಕೇಳುವ ತುರ್ತು ದೂರವಾಣಿ. ಸ್ವೀಡನ್ನಿಗೆ ಹೋಗುವವರಿಗೆ ಬೇರೆಯದೇ ಪರೀಕ್ಷೆ. ಅಲ್ಲಿನ ಅರ್ಜಿಯಲ್ಲಿ ‘ಗಿಫ್ಟ್’, ‘ಊಗಿಫ್ಟ್’ ಎಂದು ಬರೆದ ಎರಡು ಚೌಕಗಳು ಕಂಡರೆ, ಮದುವೆಯಾಗದವರು ಗುರುತು ಹಾಕಬೇಕಾದದ್ದು ಎರಡನೆಯದಕ್ಕೆ.