ತಪ್ಪು ಹುಡುಕುವ ವಿದ್ಯೆ

ಪ್ರೋಗ್ರಾಮನ್ನು ಬರೆಯುವುದು ಬುದ್ಧಿವಂತರ ಕೆಲಸ, ಅದನ್ನು ಪರೀಕ್ಷಿಸುವುದು ಬರೆಯಲಾರದವರ ಕೆಲಸ. ಕಾಲೇಜಿನಿಂದ ಹೊರಬೀಳುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹೀಗೆಂದು ನಂಬಿರುವರು, ಅವರ ತಂದೆತಾಯಿಗಳೂ ನಂಬಿರುವರು. ಬೆಂಗಳೂರಿನಲ್ಲಿ ಎಷ್ಟೋ ಸಂಸಾರಗಳಿಗೆ ಅನ್ನವಿಕ್ಕುತ್ತಿರುವ ಸಾಫ್ಟ್‌ವೇರ್ ಟೆಸ್ಟರನ ವೃತ್ತಿಯನ್ನು ಈ ರೀತಿ ಹೀಗಳೆಯುವುದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಆದರೆ ತಪ್ಪೆಲ್ಲವೂ ಹೀಗಳೆಯುವವರದೇ ಎಂದು ಹೇಳಲಾರೆವು. ಯಾರೋ ಸಿದ್ಧಮಾಡಿಕೊಟ್ಟ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು, ಅದು ಹೇಳಿದ ಗುಂಡಿಯನ್ನೊತ್ತಿ, ಹೇಳಿದ ಫಲ ಬಂದೊಡನೆ 'ಸರಿ' ಎಂದು ಗುರುತು ಹಾಕುತ್ತ ಕುಳಿತವನು ಐದನೆಯ ವರ್ಷದ ಕೊನೆಯಲ್ಲಿಯೂ ಮೊದಲನೆಯ ತಿಂಗಳಿನಲ್ಲಿಯೇ ಇರುತ್ತಾನೆ. ಪರೀಕ್ಷಕನು ಬೆಳೆಯುವ ದಾರಿ ಬೇರೆ.

ಅದು ಎಂತಹ ದಾರಿ ಎಂಬುದನ್ನು ಒಂದು ಸಣ್ಣ ಸಮಸ್ಯೆಯಿಂದ ತಿಳಿಯಬಹುದು. ಅಮೆರಿಕದ ಗ್ಲೆನ್‌ಫರ್ಡ್ ಮೈಯರ್ಸ್ ಎಂಬವರು ಸಾಫ್ಟ್‌ವೇರ್ ಪರೀಕ್ಷಣೆಯನ್ನು ಕುರಿತು 1979ರಲ್ಲಿ ಪ್ರಕಟಿಸಿದ ಗ್ರಂಥವನ್ನು ಈ ಸಮಸ್ಯೆಯಿಂದಲೇ ಆರಂಭಿಸಿರುವರು. ಒಂದು ಪ್ರೋಗ್ರಾಮಿಗೆ ಮೂರು ಪೂರ್ಣಾಂಕಗಳನ್ನು ಕೊಡುತ್ತೇವೆ. ಅವು ಒಂದು ತ್ರಿಭುಜದ ಮೂರು ಬಾಹುಗಳ ಉದ್ದಗಳು. ಆ ತ್ರಿಭುಜವು ಸಮಬಾಹುವೋ, ಸಮದ್ವಿಬಾಹುವೋ, ಅಸಮಬಾಹುವೋ ಎಂಬುದನ್ನು ಪ್ರೋಗ್ರಾಮು ಹೇಳಬೇಕು. ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಲು ಯಾವ ಯಾವ ಸಂಖ್ಯೆಗಳನ್ನು ಕೊಡುವಿರಿ? ವಾಚಕರು ಒಂದು ಗಳಿಗೆ ಪತ್ರಿಕೆಯನ್ನು ಕೆಳಗಿಟ್ಟು ತಮ್ಮ ಉತ್ತರವನ್ನು ಬರೆದುಕೊಳ್ಳಲಿ.

5, 5, 5. 5, 5, 3. 3, 4, 5. ಇಷ್ಟನ್ನು ಎಲ್ಲರೂ ಬರೆದಿರುತ್ತಾರೆ. ಆದರೆ 5, 5, 3 ಎಂದು ಬರೆದವರು 5, 3, 5 ಎಂದೂ 3, 5, 5 ಎಂದೂ ಬರೆದಿರುವರೇ? ಪ್ರೋಗ್ರಾಮನ್ನು ರಚಿಸಿದಾತನು ಮೊದಲಿನ ಎರಡು ಸಂಖ್ಯೆಗಳನ್ನು ಮಾತ್ರ ಹೋಲಿಸಿ ಸುಮ್ಮನಾಗಿದ್ದರೆ ಇಲ್ಲಿಯೇ ಸಿಕ್ಕಿಬೀಳುವನು. ಒಂದು ಬಾಹು ಸೊನ್ನೆಯಾದರೆ? ಋಣಸಂಖ್ಯೆಯಾದರೆ? ಮೂರರ ಬದಲು ಎರಡೇ ಸಂಖ್ಯೆಗಳನ್ನು ಕೊಟ್ಟರೆ? ಎಲ್ಲಕ್ಕಿಂತ ಸ್ವಾರಸ್ಯವಾದುದು 1, 2, 4. ತ್ರಿಭುಜದ ಯಾವ ಎರಡು ಬಾಹುಗಳನ್ನು ಕೂಡಿದರೂ ಮೊತ್ತವು ಮೂರನೆಯದಕ್ಕಿಂತ ಹೆಚ್ಚಾಗಿರಬೇಕೆಂಬುದನ್ನು ನಾವೆಲ್ಲರೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ. ಆದುದರಿಂದ 1, 2, 4 ತ್ರಿಭುಜವೇ ಅಲ್ಲ. 1, 2, 3 ನೆಲಕ್ಕೆ ಮಲಗಿದ ಬರಿಯ ಗೆರೆ. ಎಚ್ಚರವಿಲ್ಲದ ಪ್ರೋಗ್ರಾಮು ಈ ಎರಡನ್ನೂ ಅಸಮಬಾಹು ತ್ರಿಭುಜವೆಂದು ಧೈರ್ಯವಾಗಿ ಹೇಳಿಬಿಡುತ್ತದೆ. ಇನ್ನೊಂದು ಮಾತು: ಪ್ರತಿಯೊಂದು ಪ್ರಶ್ನೆಗೂ ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟಿದ್ದಿರಾ? ಯಂತ್ರದ ಉತ್ತರವನ್ನು ಮೊದಲು ನೋಡಿದ ಕಣ್ಣು ಅದನ್ನೇ ಸರಿಯೆಂದು ಒಪ್ಪಿಬಿಡುವುದುಂಟು. ಮೈಯರ್ಸರು ಇಂತಹ 14 ಅಂಶಗಳನ್ನು ಕೊಟ್ಟಿರುವರು. ನುರಿತ ಪ್ರೋಗ್ರಾಮರುಗಳಿಗೂ ಅವುಗಳಲ್ಲಿ ಸರಾಸರಿ 7.8 ಮಾತ್ರ ಹೊಳೆಯುವುವೆಂದು ಅವರ ಅನುಭವ.

ತ್ರಿಭುಜ ತಪ್ಪಿದರೆ ಯಾರಿಗೂ ನಷ್ಟವಿಲ್ಲ. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಹಾರಿದ ಏರಿಯಾನ್-5 ರಾಕೆಟ್ಟು ಸುಮಾರು 40 ಸೆಕೆಂಡುಗಳಲ್ಲಿ ನಾಲ್ಕು ಉಪಗ್ರಹಗಳೊಡನೆ ಛಿದ್ರವಾಯಿತು. ಅದಕ್ಕೆ ದಿಕ್ಕು ತಿಳಿಸುವ ಉಪಕರಣದ ಪ್ರೋಗ್ರಾಮನ್ನು ಹಳೆಯ ಏರಿಯಾನ್-4ರಿಂದ ತಂದಿದ್ದರು. ಅಲ್ಲಿ ಅದು ತೊಂದರೆ ಕೊಟ್ಟಿರಲಿಲ್ಲ. ಆದರೆ ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಜಾಗದಲ್ಲಿ ತುಂಬಲು ಪ್ರೋಗ್ರಾಮು ಯತ್ನಿಸಿತು. ಅಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಸಂಖ್ಯೆ ಅದನ್ನು ಮೀರಿದೊಡನೆ ಉಪಕರಣ ನಿಂತಿತು. ಜೊತೆಗಿದ್ದ ಬದಲಿ ಉಪಕರಣವೂ ಅದೇ ಪ್ರೋಗ್ರಾಮಿನದಾದುದರಿಂದ ಅದೂ ನಿಂತಿತು. ಏರಿಯಾನ್-5 ಹಾರುವ ಪಥದ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ಪರೀಕ್ಷಿಸಿಯೇ ಇರಲಿಲ್ಲವೆಂದು ವಿಚಾರಣಾ ಮಂಡಲಿಯು ಕಂಡುಕೊಂಡಿತು.

ಇಲ್ಲಿ ಕೊರತೆಯಾದುದು ಕಂಪ್ಯೂಟರ್ ಜ್ಞಾನವಲ್ಲವೆಂಬುದನ್ನು ಗಮನಿಸಬೇಕು. 'ಈ ರಾಕೆಟ್ಟು ಹಳೆಯದಕ್ಕಿಂತ ಯಾವ ವಿಷಯದಲ್ಲಿ ಬೇರೆ?' ಎಂಬ ಪ್ರಶ್ನೆ ಕೊರತೆಯಾಯಿತು. ಹಾಗೆ ಕೇಳಬಲ್ಲವನಿಗೆ ರಾಕೆಟ್ಟಿನ ವಿಷಯ ಸ್ವಲ್ಪವಾದರೂ ತಿಳಿದಿರಬೇಕು. ಬ್ಯಾಂಕಿನ ಪ್ರೋಗ್ರಾಮನ್ನು ಪರೀಕ್ಷಿಸುವವನು ಬಡ್ಡಿಯ ಲೆಕ್ಕವನ್ನು ಕೈಯಿಂದ ಮಾಡಬಲ್ಲವನಾಗಿರಬೇಕು. ಹೊಸ ಹೊಸ ಪರೀಕ್ಷಾ ಸಲಕರಣೆಗಳ ಹೆಸರನ್ನು ಕಲಿತು ಪ್ರಮಾಣಪತ್ರಗಳನ್ನು ಕೂಡಿಹಾಕುವವರಿಗೆ ಈ ಮಾತು ರುಚಿಸದಿರಬಹುದು.

ರಾಕೆಟ್ಟಿನವರೆಗೆ ಹೋಗುವುದೂ ಬೇಡ, ನಮ್ಮ ಮನೆಯ ಹೆಸರೊಂದನ್ನು ತೆಗೆದುಕೊಳ್ಳೋಣ. 'ಲಕ್ಷ್ಮಿ' ಎಂಬಲ್ಲಿ ಎಷ್ಟು ಅಕ್ಷರಗಳು? ಮಗ್ಗಿ ಕಲಿಯುವ ಮಗುವೂ ಎರಡೆನ್ನುವುದು. ಯೂನಿಕೋಡ್ ಪದ್ಧತಿಯಲ್ಲಿ ಕಂಪ್ಯೂಟರಿಗೆ ಅವು ಏಳು: ಲ, ಕ, ವಿರಾಮಚಿಹ್ನೆ, ಷ, ಮತ್ತೆ ವಿರಾಮಚಿಹ್ನೆ, ಮ, ಗುಡಿಸು. ಬಹಳವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್‌ಗಳಂತೆ 21 ಬೈಟ್‌ಗಳು ಬೇಕು. ಹೆಸರಿಗೆ 20 ಬೈಟ್ ಸಾಕೆಂದು ಬಗೆದ ಪ್ರೋಗ್ರಾಮಿನಲ್ಲಿ ಈ ಪುಟ್ಟ ಹೆಸರು ತುಂಡಾಗುವುದು. ಇಂಗ್ಲಿಷಿನ ನಾಲ್ಕಕ್ಷರಗಳನ್ನು ಒತ್ತಿ ಪರೀಕ್ಷೆ ಮುಗಿಯಿತೆನ್ನುವವನಿಗೆ ಇದು ಎಂದಿಗೂ ಕಾಣದು. ಒತ್ತಕ್ಷರಗಳ ನಡುವೆ ಬೆಳೆದ ಕನ್ನಡದ ಹುಡುಗಿಗೆ ಮೊದಲ ದಿನವೇ ಕಾಣಬಹುದು.

ಕಂಡ ಮೇಲೆ ಅದನ್ನು ಹೇಳಬೇಕಷ್ಟೆ. ಹಿರಿಯರ ತಪ್ಪನ್ನು ಎತ್ತಿ ಆಡಬಾರದೆಂದು ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಸುಲಭವಲ್ಲ. ಹತ್ತು ವರ್ಷ ಹಿರಿಯನಾದವನು ಬರೆದುದರಲ್ಲಿ ದೋಷವಿದೆಯೆಂದು ಕಿರಿಯ ಪರೀಕ್ಷಕಿ ಬರೆಯಬೇಕಾಗುತ್ತದೆ. ಆಕೆ ದೋಷವನ್ನು ಹೇಳಲಿ, ದೂರನ್ನು ಹೇಳುವುದು ಬೇಡ. ಏನನ್ನು ಕೊಟ್ಟೆ, ಏನು ಬರಬೇಕಾಗಿದ್ದಿತು, ಏನು ಬಂದಿತು, ಮತ್ತೊಮ್ಮೆ ಮಾಡಿದರೆ ಮತ್ತೆ ಬರುವುದೇ. ಇಷ್ಟನ್ನು ಸ್ಪಷ್ಟವಾಗಿ ಬರೆದರೆ ಕೋಪಕ್ಕೆ ಆಸ್ಪದ ಕಡಮೆ. ಹೀಗೆ ನಾಲ್ಕು ವಾಕ್ಯಗಳನ್ನು ಬರೆಯುವುದು ಪ್ರಬಂಧ ಬರೆಯುವುದಕ್ಕಿಂತ ಕಷ್ಟವೆಂಬುದು ಪ್ರಯತ್ನಿಸಿದವರಿಗೆ ಗೊತ್ತು.

ಈಚೆಗೆ ಕೃತಕ ಬುದ್ಧಿಯ ಯಂತ್ರಗಳೇ ಪ್ರೋಗ್ರಾಮನ್ನೂ ಅದರ ಪರೀಕ್ಷೆಗಳನ್ನೂ ಬರೆದುಕೊಡತೊಡಗಿವೆ. ಇನ್ನು ಟೆಸ್ಟರನೇತಕ್ಕೆ ಎಂದು ಕೇಳುವವರಿರುವರು. ಪಟ್ಟಿ ಹಿಡಿದು ಕುಳಿತವನ ಕೆಲಸವು ಯಂತ್ರದ ಪಾಲಾಗುವ ಸಂಭವವೇ ಹೆಚ್ಚು. ಆದರೆ ತ್ರಿಭುಜದ ನಿಯಮವನ್ನು ಮರೆತ ಯಂತ್ರವೊಂದು ಪ್ರೋಗ್ರಾಮನ್ನೂ ಪರೀಕ್ಷೆಯನ್ನೂ ತಾನೇ ಬರೆದರೆ ಎರಡೂ ಒಂದನ್ನೊಂದು ಒಪ್ಪುವುವು, ಎರಡೂ ತಪ್ಪಾಗಿರುವುವು. 1, 2, 4ನ್ನು ಕೊಟ್ಟು ನೋಡೆಂದು ಯಾರಾದರೊಬ್ಬರು ಹೇಳಬೇಕು. ಈ ಸಮಸ್ಯೆಯನ್ನು ಮೊದಲು ಕಂಡಾಗ ನಾವು ಅದನ್ನು ಬರೆದುಕೊಂಡು ಹಿಗ್ಗಿದೆವು. 4, 2, 1ನ್ನು ಬರೆಯಲು ಮರೆತಿದ್ದೆವು.