ಬುತ್ತಿಯ ಗಂಟು, ಓದಿನ ಗಂಟು

ರಜೆಗೆ ಇನ್ನೂ ಒಂದು ತಿಂಗಳಿರುವಾಗ ಪ್ರವಾಸದ ಮಾತು ಹುಟ್ಟಿ, ಒಂದು ವಾರವಿರುವಾಗ ಅದು ಅಳಿದುಹೋಗುವುದು ಮಧ್ಯಮ ವರ್ಗದ ಮನೆಗಳ ವಾಡಿಕೆ. ಮಕ್ಕಳಿಗೆ ಕಡಲು ಬೇಕು. ಅಜ್ಜಿಗೆ ಕಾಶಿ ಬೇಕು. ಗೃಹಿಣಿಗೆ ಎಲ್ಲಿಯಾದರೂ ಸರಿ, ನಾಲ್ಕು ದಿನ ಒಲೆಯ ಮುಂದೆ ನಿಲ್ಲದಿದ್ದರೆ ಸಾಕು. ಯಜಮಾನನು ಕನ್ನಡಕವೇರಿಸಿ ಲೆಕ್ಕಕ್ಕೆ ಕೂಡುತ್ತಾನೆ. ಗಾಡಿಯ ಬಾಡಿಗೆ ಇಷ್ಟು, ವಸತಿಯ ಕೋಣೆ ಇಷ್ಟು, ಊಟ ಇಷ್ಟು, ನೆರೆಯವರಿಗೆ ತರಬೇಕಾದ ಸಾಮಾನು ಇಷ್ಟು. ಮೊತ್ತದ ಕೆಳಗೆ ಎರಡು ಗೆರೆ ಎಳೆದು, "ಮುಂದಿನ ವರ್ಷ ನೋಡೋಣ" ಎಂದು ಕಾಗದವನ್ನು ಮಡಿಚಿಡುತ್ತಾನೆ. ಆ ಮುಂದಿನ ವರ್ಷವು ಈವರೆಗೆ ಯಾವ ಪಂಚಾಂಗದಲ್ಲಿಯೂ ಕಂಡುಬಂದಿಲ್ಲ.

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತಲು ಹಣವಿಲ್ಲದವನು ಓದಿಯಾದರೂ ತಿಳಿಯಲಿ ಎಂಬ ಕರುಣೆ ಆ ಮಾತಿನಲ್ಲಿ ಇದ್ದಿರಬಹುದು. ಆದರೆ ಎರಡನ್ನೂ ಒಂದೇ ಬಸ್ಸಿನ ಚೀಟಿಯಲ್ಲಿ ಮುಗಿಸಬಹುದಾದ ಸೀಮೆಯೊಂದು ಕನ್ನಡ ನಾಡಿನಲ್ಲಿ ಉಂಟು. ಗದಗ-ಬೆಟಗೇರಿಯನ್ನು ನಡುವಿನ ಬಿಡಾರ ಮಾಡಿಕೊಂಡು ಲಕ್ಕುಂಡಿ, ಶಿರಹಟ್ಟಿ, ಲಕ್ಷ್ಮೇಶ್ವರ, ಡಂಬಳ, ಮುಂಡರಗಿಗಳನ್ನು ನೋಡಿಬರುವುದಕ್ಕೆ ಮೂರು ದಿನ ಸಾಕು. ಪ್ರತಿ ರಾತ್ರಿ ಮರಳಿ ಗದಗಿಗೇ ಬಂದು ಮಲಗಬಹುದಾದುದರಿಂದ ಊರೂರಿಗೆ ಸಾಮಾನು ಹೊರುವ ತಾಪತ್ರಯವಿಲ್ಲ. ಹುಬ್ಬಳ್ಳಿ, ಗುಂತಕಲ್ಲು, ಸೊಲ್ಲಾಪುರಗಳ ಕಡೆಯಿಂದ ಬರುವ ರೈಲುಗಳೆಲ್ಲ ಸೇರುವ ಜಂಕ್ಷನ್ನು ಅದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಈ ಸೀಮೆಯಷ್ಟು ತಕ್ಕ ನಿದರ್ಶನ ಬೇರೆ ದೊರೆಯುವುದು ಕಷ್ಟ. ಹಂಪೆಗೆ ಹೋಗುವ ಎಷ್ಟೋ ಕುಟುಂಬಗಳು ಗದಗಿನ ನಿಲ್ದಾಣದಲ್ಲಿ ಚಹಾ ಕುಡಿದು, ಊರಿನೊಳಗೆ ಕಾಲಿಡದೆ ಮುಂದೆ ಸಾಗುತ್ತವೆ.

ಗದಗಿನಲ್ಲಿ ಮೊದಲು ನೋಡಬೇಕಾದುದು ತ್ರಿಕೂಟೇಶ್ವರನ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಭಕ್ತರು ಅವಕ್ಕೆ ಕೈಮುಗಿಯುತ್ತಾರೆ. ಅದೇ ಆವರಣದ ಸರಸ್ವತಿಯ ಗುಡಿಯಲ್ಲಿ ದೇವಿಯ ಮೂರ್ತಿ ಭಿನ್ನವಾಗಿದೆ. ಎದುರಿನ ಕಂಬಗಳಾದರೋ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಇಂದಿಗೂ ಸಾಕ್ಷಿ ನಿಂತಿವೆ. ಚಿನ್ನದಲ್ಲಿ ಮಾಡಬೇಕಾದ ಕುಸುರನ್ನು ಕಲ್ಲಿನಲ್ಲಿ ಮಾಡಿದವರು ಅವರು. ಒಂದೊಂದು ಕಂಬದ ಮುಂದೆ ಐದು ನಿಮಿಷ ನಿಂತರೂ ಅರ್ಧ ಮುಂಜಾನೆ ಕಳೆದುಹೋಗುವುದು.

ಅಲ್ಲಿಂದ ವೀರನಾರಾಯಣನ ಗುಡಿಗೆ ನಡೆದುಕೊಂಡೇ ಹೋಗಬಹುದು. ಕೋಳಿವಾಡದ ನಾರಣಪ್ಪ, ಎಂದರೆ ಕುಮಾರವ್ಯಾಸ, ತನ್ನ ಭಾರತವನ್ನು ರಚಿಸಿದ್ದು ಇಲ್ಲಿಯ ಕಂಬವೊಂದಕ್ಕೆ ಒರಗಿ ಕುಳಿತು ಎಂಬುದು ಪ್ರತೀತಿ. ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿಯೇ ಕುಳಿತ ಕವಿಯು ಆ ಬಟ್ಟೆ ಆರುವ ತನಕ ಬರೆಯುತ್ತಿದ್ದನಂತೆ. ಇತಿಹಾಸಕಾರನು ಇದಕ್ಕೆ ಶಾಸನದ ಆಧಾರ ಕೇಳಬಹುದು. ಜನ ಆ ಕಂಬವನ್ನು ತೋರಿಸುತ್ತಾರೆ. ಹದಿನೈದನೆಯ ಶತಮಾನದ ಆ ಕಾವ್ಯಕ್ಕೆ ಗದುಗಿನ ಭಾರತವೆಂದೇ ಹೆಸರಾಯಿತು. ಊರಿನ ಹೆಸರನ್ನು ಹೊತ್ತ ಕಾವ್ಯ ಅಪರೂಪ; ಆ ಕಾವ್ಯದ ಹತ್ತು ಪದ್ಯಗಳನ್ನಾದರೂ ಮನೆಯಲ್ಲಿ ಓದಿಕೊಂಡು ಬಂದವನಿಗೆ ಆ ಕಂಬ ಬರಿಯ ಕಂಬವಾಗಿ ಕಾಣದು. ಸಂಜೆ ಬಿಡುವಿದ್ದರೆ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ಹೋಗಬಹುದು. ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ, ಸಂಗೀತ ಕಲಿಸಿದ ಸ್ಥಳವದು.

ಲಕ್ಕುಂಡಿ ಗದಗಿನಿಂದ ಪೂರ್ವಕ್ಕೆ ಹನ್ನೆರಡು ಕಿಲೋಮೀಟರು. ಕೊಪ್ಪಳದ ಕಡೆಗೆ ಹೋಗುವ ಬಸ್ಸು ಹತ್ತಿ, ಕಂಡಕ್ಟರನಿಗೆ ಹೇಳಿ ಇಳಿದರಾಯಿತು. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ನೂರೊಂದು ಗುಡಿ, ನೂರೊಂದು ಬಾವಿ ಇದ್ದುವೆಂದು ಜನ ಹೇಳುವರು. ಎಣಿಸುವ ಗೋಜಿಗೆ ಹೋಗದೆ ಮೂರನ್ನು ಚೆನ್ನಾಗಿ ನೋಡಿದರೂ ಸಾಕು. ಕಾಶಿ ವಿಶ್ವನಾಥನ ಗುಡಿಯಲ್ಲಿ ಶಿವನ ಗರ್ಭಗೃಹಕ್ಕೆ ಎದುರಾಗಿ ಸೂರ್ಯನ ಗರ್ಭಗೃಹವಿದೆ. ಕಾಶಿಗೆ ಹೋಗಲಾಗದ ಅಜ್ಜಿಗೆ ಇಲ್ಲಿ ಅರ್ಧ ಸಮಾಧಾನವಾದರೂ ದೊರೆಯಬೇಕು. ಮಾಣಿಕೇಶ್ವರದ ಬಳಿಯ ಮುಸುಕಿನ ಬಾವಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ, ನೀರು ತುಂಬುವ ಕೆಲಸಕ್ಕೂ ಇಷ್ಟು ಚೆಲುವು ಬೇಕೆಂದುಕೊಂಡ ಜನರ ಬಗೆಗೆ ಗೌರವ ಹುಟ್ಟುವುದು.

ಮೂರನೆಯದು ಬ್ರಹ್ಮ ಜಿನಾಲಯ. ಕ್ರಿ.ಶ. 1007ರ ಶಾಸನ ಇದನ್ನು ಕಟ್ಟಿಸಿದವಳು ಅತ್ತಿಮಬ್ಬೆಯೆಂದು ಹೇಳುತ್ತದೆ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವಳು. ದಾನಚಿಂತಾಮಣಿ ಎಂದು ನಾಡು ಕರೆದವಳು. ಅಜಿತಪುರಾಣವನ್ನು ಬರೆಯಲು ರನ್ನನಿಗೆ ಆಶ್ರಯವಾದವಳು. ಎಲ್ಲಕ್ಕಿಂತ ದೊಡ್ಡದು ಆಕೆಯ ಇನ್ನೊಂದು ದಾನ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಲಿಪಿಕಾರನು ಕಂಠದಿಂದ ಕೊರೆಯಬೇಕು. ಸಾವಿರ ಪ್ರತಿಯೆಂದರೆ ಎಷ್ಟು ಕೈಗಳು, ಎಷ್ಟು ತಿಂಗಳುಗಳು! ಓದು ಮನೆಮನೆಗೆ ತಲುಪಬೇಕೆಂದು ಹಣ ಸುರಿದ ಈ ಗೃಹಿಣಿಯ ಗುಡಿಯ ಮುಂದೆ ನಿಂತು, "ಇಲ್ಲಿ ಏನೈತ್ರೀ ನೋಡೂದು, ಬರೇ ಕಲ್ಲು" ಎನ್ನುವವರ ದನಿ ಕೇಳಿದಾಗ ನೋವಾಗುತ್ತದೆ. ಅವರದು ತಪ್ಪಲ್ಲ. ಯಾರೂ ಅವರಿಗೆ ಆ ಕಥೆ ಹೇಳಲಿಲ್ಲ.

ಎರಡನೆಯ ದಿನ ಲಕ್ಷ್ಮೇಶ್ವರದ ದಾರಿ. ಗದಗಿನಿಂದ ಇಪ್ಪತ್ತಾರು ಕಿಲೋಮೀಟರು ಸಾಗಿದರೆ ಮಾಗಡಿಯ ಕೆರೆ. ಚಳಿಗಾಲದಲ್ಲಿ ಬಂದವರ ಅದೃಷ್ಟವೇ ಅದೃಷ್ಟ! ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಆ ನೀರಿನ ಮೇಲೆ ತೇಲುತ್ತಿರುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಒಪ್ಪಂದದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮಂಗೋಲಿಯದ ಕಡೆಯಿಂದ ಬರುವ ಆ ಪ್ರವಾಸಿಗಳು ಬಾಡಿಗೆ, ಕೋಣೆಗಳ ಲೆಕ್ಕವಿಲ್ಲದೆ ವರ್ಷ ವರ್ಷವೂ ಬರುತ್ತಿವೆ. ಅವುಗಳಿಗೆ ಬೇಕಾದುದು ಒಂದೇ, ದಡದ ಮೇಲೆ ನಿಂತವರು ಗದ್ದಲ ಮಾಡದಿರುವುದು.

ಕೆರೆಯಿಂದ ಎಂಟು ಕಿಲೋಮೀಟರಿನಲ್ಲಿ ಶಿರಹಟ್ಟಿ. ಅಲ್ಲಿಯ ಮಠದ ಹೆಸರೇ ಒಂದು ಪಾಠ: ಫಕೀರೇಶ್ವರ. ಫಕೀರನೂ ಈಶ್ವರನೂ ಒಂದೇ ಪದದಲ್ಲಿ ಸಂಧಿಯಾದ ಈ ಹೆಸರಿನ ಎದುರಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ತಲೆಬಾಗುತ್ತಾರೆ. ವ್ಯಾಕರಣದಲ್ಲಿ ಗುಣಸಂಧಿಯನ್ನು ಕಲಿಸುವ ಮಾಸ್ತರರು ಮಕ್ಕಳನ್ನು ಇಲ್ಲಿಗೊಮ್ಮೆ ಕರೆತಂದರೆ ಉದಾಹರಣೆ ಜೀವಮಾನವಿಡೀ ನೆನಪಿರುವುದು.

ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದು ಒಂದು. ಮುಂದಿನ ಶತಮಾನದಲ್ಲಿ ಪಂಪನು ತನ್ನ ಭಾರತವನ್ನು ಈ ಪುಲಿಗೆರೆಯ ಕನ್ನಡದಲ್ಲಿಯೇ ಬರೆದೆನೆಂದು ಹೆಮ್ಮೆಯಿಂದ ಹೇಳಿಕೊಂಡನು. ಆದುದರಿಂದ ಇಲ್ಲಿಯ ನಿಜವಾದ ದೇಗುಲ ಸಂತೆಯಲ್ಲಿಯೂ ಉಂಟು. ಕಾಯಿಪಲ್ಲೆ ಮಾರುವ ಮುದುಕಿಯ ಮಾತಿಗೆ ಒಂದಿಷ್ಟು ಹೊತ್ತು ಕಿವಿಗೊಟ್ಟವನು ಸಾವಿರ ವರ್ಷ ಹರಿದು ಬಂದ ಒಂದು ನುಡಿಯ ತೊರೆಯನ್ನು ಮುಟ್ಟಿದಂತೆ. ಅನಂತರ ಸೋಮೇಶ್ವರನ ಗುಡಿ. ಕೋಟೆಯಂತಹ ಎತ್ತರದ ಆವರಣ; ಒಳಗೆ ನಂದಿಯನ್ನೇರಿ ಕುಳಿತ ಶಿವಪಾರ್ವತಿಯರು. ಸೌರಾಷ್ಟ್ರದಿಂದ ಈ ದೇವರನ್ನು ತಂದವನು ಆದಯ್ಯನೆಂಬ ಶರಣನೆಂದು ಪ್ರತೀತಿ. ಊರಿನಲ್ಲಿ ಶಂಖ ಜಿನಾಲಯವೂ, ಬಿಜಾಪುರದ ಆದಿಲಶಾಹಿಯ ಕಾಲದ ಜಾಮಿಯಾ ಮಸೀದಿಯೂ ಇವೆ. ಒಂದೇ ಮಧ್ಯಾಹ್ನ ಮೂರು ಮತಗಳ ಕಲ್ಲುಕೆಲಸವನ್ನು ಕಾಲ್ನಡಿಗೆಯಲ್ಲಿ ನೋಡಬಹುದು.

ಮೂರನೆಯ ದಿನ ಹೊಳೆಯ ಕಡೆಗೆ. ಮುಂಡರಗಿಗೆ ಹೋಗುವ ಮೊದಲು ಡಂಬಳದಲ್ಲಿ ಇಳಿಯಬೇಕು. ಇಲ್ಲಿಯ ದೊಡ್ಡಬಸಪ್ಪನ ಗುಡಿ ನಕ್ಷತ್ರದಾಕಾರದ್ದು. ಅದರ ಮೂಲೆಗಳು 24. ಮಕ್ಕಳು ಇದನ್ನು ಕಾಗದದ ಮೇಲೆ ತಾವೇ ಕಟ್ಟಬಹುದು. ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಅಂಶಗಳಂತೆ ತಿರುಗಿಸುತ್ತ ಆರು ಸಲ ಬರೆದರೆ ಆ ಗುಡಿಯ ನಕ್ಷೆ ಮೂಡುವುದು. ಹನ್ನೆರಡನೆಯ ಶತಮಾನದ ಶಿಲ್ಪಿಯ ಲೆಕ್ಕ ಇಂದಿನ ಶಾಲೆಯ ಪಾಟಿಯ ಮೇಲೆ ಹೀಗೆ ಮತ್ತೆ ಹುಟ್ಟುತ್ತದೆ. ಈ ಊರಿನ 1095ರ ಶಾಸನದಲ್ಲಿ ಬುದ್ಧನ ವಿಹಾರದ ಜೊತೆಗೆ ತಾರಾದೇವಿಯ ವಿಹಾರವೂ ಹೇಳಲ್ಪಟ್ಟಿದೆ. ತಾರೆಯ ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ ವರ್ತಕ. ಮೊದಲ ದಿನ ನೋಡಿದ ಊರಿನವನು ಮೂರನೆಯ ದಿನ ಹೀಗೆ ಎದುರಾದಾಗ ಬಸ್ಸಿನ ದಾರಿಗಳು ಶಾಸನದ ದಾರಿಗಳೇ ಎಂಬುದು ಮನಸ್ಸಿಗೆ ಬರುವುದು.

ಕಪ್ಪತಗುಡ್ಡದ ಸಾಲನ್ನು ನೋಡುತ್ತ ಮುಂಡರಗಿ ಸೇರಿದರೆ, 1858ರಲ್ಲಿ ಬ್ರಿಟಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು ಅದು. ತಾಲೂಕಿನ ಅಂಚಿನಲ್ಲಿ ತುಂಗಭದ್ರೆ. ಸಿಂಗಟಾಲೂರಿನ ವೀರಭದ್ರೇಶ್ವರನ ದರ್ಶನ ಮಾಡಿ, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚುವುದೇ ಈ ಯಾತ್ರೆಯ ಹಬ್ಬ. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಯಾವ ಹೊಟೇಲಿನ ಪಟ್ಟಿಯಲ್ಲಿಯೂ ಇಷ್ಟು ರುಚಿಯಿಲ್ಲ.

ಈ ಹೊಳೆಯ ಹಡಗು ಹರಿಗೋಲು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಇಂತಹ ಗುಂಡು ದೋಣಿಗಳಲ್ಲಿ ಜನ ನದಿ ದಾಟುವುದನ್ನು, ಅವು ಸುತ್ತುತ್ತ ಸುತ್ತುತ್ತ ಸಾಗುವುದನ್ನು, ಹದಿನಾರನೆಯ ಶತಮಾನದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಬಳಿ ಕಂಡು ಬರೆದಿಟ್ಟಿದ್ದಾನೆ. ಚರ್ಮದ ಸ್ಥಾನಕ್ಕೆ ಈಗ ಪ್ಲಾಸ್ಟಿಕ್ಕಿನ ಹಾಳೆ, ಡಾಂಬರು ಬಂದಿವೆ, ಆಕಾರ ಬದಲಾಗಿಲ್ಲ. ಇದೇ ಹೊಳೆಯ ಮೇಲ್ಗಡೆಯ ಚೌಡದಾನಪುರದಲ್ಲಿ ಹುಟ್ಟು ಹಾಕುತ್ತಿದ್ದ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಎಲ್ಲರಿಗಿಂತ ಖಾರವಾದ ನಾಲಗೆಯವನು. ಕೊರ್ಲಹಳ್ಳಿಯ ಸೇತುವೆಯ ಮೇಲೆ ಇಂದು ಬಸ್ಸು ಹೂವಿನಹಡಗಲಿಯ ಕಡೆಗೆ ಕ್ಷಣದಲ್ಲಿ ದಾಟಿಬಿಡುತ್ತದೆ. ಮೀನು ಹಿಡಿಯುವವರ ಹರಿಗೋಲುಗಳು ಕೆಳಗೆ ಉಳಿದಿವೆ. ಮಳೆಗಾಲದ ತುಂಬುಹೊಳೆಯಲ್ಲಿ ಅವನ್ನೇರುವ ಸಾಹಸ ಸಲ್ಲದು. ನೀರು ತಗ್ಗಿದಾಗಲೂ ಅಂಬಿಗನ ಮಾತು ಕೇಳಿ, ಅವನು ಕೂಡಬೇಕೆಂದಲ್ಲಿ ಕೂಡಬೇಕು. ಮಕ್ಕಳಿಗೆ ತೇಲುವ ಅಂಗಿ ಇಲ್ಲವಾದರೆ ದಡದಲ್ಲಿ ನಿಂತು ನೋಡುವುದೇ ಮೇಲು. ಅಗ್ಗದ ಯಾತ್ರೆಯಲ್ಲಿ ಉಳಿಸಬಾರದ ಖರ್ಚು ಇದೊಂದು.

ಕಡಲನ್ನು ಕೇಳಿದ ಮಕ್ಕಳಿಗೆ ಏನು ಉತ್ತರ? ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲ ಪಡುಗಡಲಿಗೆ ಹತ್ತಿರ. ಆದರೂ ಆ ನೀರು ಅದಕ್ಕೆ ಬೆನ್ನು ಹಾಕಿ, ಕೂಡಲಿಯಲ್ಲಿ ಒಂದಾಗಿ, ಈ ಸೀಮೆಯನ್ನು ಹಾಯ್ದು, ಕೃಷ್ಣೆಯ ಜೊತೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ನಡೆದ ಹೊಳೆಯ ದಡದಲ್ಲಿ ಭೂಗೋಳದ ಪಾಠ ಚೆನ್ನಾಗಿ ಹತ್ತುವುದು. ನಾಲ್ಕನೆಯ ದಿನಕ್ಕೆ ಕೈಯಲ್ಲಿ ಹಣ ಉಳಿದಿದ್ದರೆ ಹುಬ್ಬಳ್ಳಿಗೆ ಹೋಗಿ, ಯಲ್ಲಾಪುರ, ಅಂಕೋಲೆಗಳ ದಾರಿಯ ಬಸ್ಸಿನಲ್ಲಿ ಗೋಕರ್ಣ ಇಲ್ಲವೆ ಕಾರವಾರಕ್ಕೆ ಇಳಿಯಬಹುದು. ಉಳಿಯದಿದ್ದರೆ, ಅದೊಂದನ್ನು ಮಾತ್ರ ಮುಂದಿನ ವರ್ಷಕ್ಕೆ ಇಡಬಹುದು.

ಖರ್ಚಿನ ಮಾತು ಮೊದಲಿನಂತಿಲ್ಲ ಎಂಬುದನ್ನೂ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿಯೊಂದು ಕೈಯಲ್ಲಿದ್ದರೆ ಸಾಕು. ಈ ಯೋಜನೆಯ ಹಿತಾಹಿತಗಳನ್ನು ಅರ್ಥಶಾಸ್ತ್ರಜ್ಞರು ಚರ್ಚಿಸಲಿ. ಮನೆಯೊಳಗೆ ಅದು ಮಾಡಿದ ಒಂದು ಬದಲಾವಣೆ ಮಾತ್ರ ಎದ್ದು ಕಾಣುತ್ತದೆ. ಕೂಡುವ ಲೆಕ್ಕದಲ್ಲಿ ಮೊದಲು ಹೊಡೆದುಹಾಕುತ್ತಿದ್ದುದು ತಾಯಿಯ ಚೀಟಿ, ಅಜ್ಜಿಯ ಚೀಟಿ. "ನೀವು ಹೋಗಿ ಬರ್ರಿ, ನಾನು ಮನೀ ನೋಡಿಕೋತೀನಿ" ಎಂದು ಅವರೇ ಮೊದಲು ಹೇಳಿಬಿಡುತ್ತಿದ್ದರು. ಆ ತ್ಯಾಗಕ್ಕೆ ಕಾರಣವಾಗಿದ್ದ ಸೊನ್ನೆಗಳು ಈಗ ಕಾಗದದಲ್ಲಿ ಇಲ್ಲ. ಗದಗಿನಲ್ಲಿ ನಲವತ್ತು ವರ್ಷ ಬಾಳಿ, ಹನ್ನೆರಡು ಕಿಲೋಮೀಟರಿನ ಲಕ್ಕುಂಡಿಯನ್ನು ಕಾಣದೆ ಇರುವುದಕ್ಕೆ ಬಡತನ ಇನ್ನು ನೆಪವಾಗದು.

ಪ್ರವಾಸಿಗನು ಈ ಊರುಗಳಿಗೆ ಸಲ್ಲಿಸಬೇಕಾದ ಸುಂಕವೂ ಉಂಟು. ಕಂಬದ ಮೇಲೆ ಹೆಸರು ಕೆತ್ತದಿರುವುದು, ಹಳೆಯ ಮೂರ್ತಿಗಳಿಗೆ ಎಣ್ಣೆ ಬಳಿಯದಿರುವುದು, ಬಾವಿಯಲ್ಲಿ ಕಾಗದ, ಬಾಟಲಿ ಎಸೆಯದಿರುವುದು. ಇದಿಷ್ಟು ನಷ್ಟವಾಗದಂತೆ ನೋಡಿಕೊಳ್ಳುವ ಸುಂಕವಾದರೆ, ಇನ್ನೊಂದು ಲಾಭದ ಸುಂಕ. ಹೊರಡುವ ಹಿಂದಿನ ವಾರ ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ಮನೆಯವರೆಲ್ಲ ಕೂಡಿ ಅತ್ತಿಮಬ್ಬೆಯ ಕಥೆಯನ್ನು, ಗದುಗಿನ ಭಾರತದ ಒಂದು ಸಂಧಿಯನ್ನು ಓದಿಕೊಳ್ಳಬೇಕು. ಓದಬೇಕಾದವಳು ಮನೆಯ ಗೃಹಿಣಿ, ಕೇಳಬೇಕಾದವರು ಉಳಿದವರು. ಸಾವಿರ ಪ್ರತಿ ಬರೆಯಿಸಿದವಳ ಗುಡಿಯ ಮೆಟ್ಟಿಲನ್ನು ಮರುದಿನ ಅವಳೇ ಮೊದಲು ಏರಲಿ. ಇದು ಯಾರು ಕಟ್ಟಿಸಿದ್ದು ಎಂದು ಮಕ್ಕಳು ಕೇಳಿದಾಗ ಉತ್ತರವೂ ಅವಳಿಂದಲೇ ಬರಲಿ.