300 ಗಿಗಾಹರ್ಟ್ಸ್ ಗೆರೆಯ ಆಚೆಗೂ ಅದೇ ಚರ್ಮ

ಕಲಬುರಗಿಯ ಮೋಮಿನಪುರದಂಥ ಒತ್ತೊತ್ತಾದ ಬಡಾವಣೆಯಲ್ಲಿ ಮಾಳಿಗೆಯ ಮೇಲೊಂದು ಮೊಬೈಲ್ ಟವರ್ ಎದ್ದರೆ, ಪಕ್ಕದ ಮನೆಯವರ ಮೊದಲ ಪ್ರಶ್ನೆ ‘ಮಕ್ಕಳಿಗಿ ಏನರೆ ಆಗ್ತದೇನ್ರಿ?’ ಎಂಬುದೇ. ನ್ಯಾಯವಾದ ಪ್ರಶ್ನೆ ಅದು. ಉತ್ತರ ಮಾತ್ರ ತಡವಾಗಿ ಬಂತು. ದೇಶಕ್ಕೆ ಮೊಬೈಲ್ ಬಂದದ್ದು 1995ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ರೇಡಿಯೊ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವು’ ಎಂಬ ಗುಂಪಿಗೆ ಸೇರಿಸಿದ್ದು 2011ರಲ್ಲಿ. ಭಾರತ ತನ್ನ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಟವರ್‌ನ ವಿಕಿರಣ ಅಳೆಸಲು ನಾಗರಿಕರಿಗೆ ‘ತರಂಗ್ ಸಂಚಾರ್’ ಪೋರ್ಟಲ್ ಸಿಕ್ಕಿದ್ದು 2017ರಲ್ಲಿ, ಅದೂ 4000 ರೂಪಾಯಿ ಶುಲ್ಕದೊಂದಿಗೆ. ದಿನಗೂಲಿಯ ಮನೆಗೆ ಅದು ಹಲವು ದಿನಗಳ ದುಡಿಮೆ.

ಈಗ ಸರದಿ ಟೆರಾಹರ್ಟ್ಸ್ ಅಲೆಗಳದು. ಈ ಅಲೆಗಳನ್ನೂ ಬಳಸಬಹುದಾದ 6ಜಿ 2030ರ ಹೊತ್ತಿಗೆ ಬರಲಿದೆ ಎಂದು ಕೇಂದ್ರ ಸರ್ಕಾರ 2023ರಲ್ಲೇ ಹೇಳಿದೆ. 95 ಗಿಗಾಹರ್ಟ್ಸ್‌ನಿಂದ 3 ಟೆರಾಹರ್ಟ್ಸ್‌ವರೆಗಿನ ಆವರ್ತನದಲ್ಲಿ ಪ್ರಯೋಗಕ್ಕೆ ಪ್ರತ್ಯೇಕ ಅನುಮತಿ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿದೆ. ಟವರ್ ಮೊದಲು, ಅಳತೆ ಆಮೇಲೆ ಎಂಬ ಹಳೆಯ ಕ್ರಮವನ್ನು ತಿರುಗಿಸಲು ಇದೇ ಸಮಯ.

ಹೆಸರು ಕೇಳಿ ಹೆದರಬೇಕಿಲ್ಲ. ಇವು ಮೈಕ್ರೊವೇವ್‌ಗೂ ಅವಕೆಂಪು ಕಿರಣಕ್ಕೂ ನಡುವಿನ ಅಲೆಗಳು. ಬೆಚ್ಚಗಿರುವ ನಮ್ಮ ಮೈಯೇ ಇವನ್ನು ಸೂಸುತ್ತಿರುತ್ತದೆ. 1 ಟೆರಾಹರ್ಟ್ಸ್‌ನ ಒಂದು ಫೋಟಾನಿನ ಶಕ್ತಿ, ದೇಹದ ಅಣುಗಳು 37 ಡಿಗ್ರಿ ಶಾಖದಲ್ಲಿ ತಾವಾಗಿ ಅಲುಗಾಡುವ ಶಕ್ತಿಯ ಆರನೇ ಒಂದು ಭಾಗಕ್ಕಿಂತ ಕಡಿಮೆ. ಎಕ್ಸ್‌ರೇಯಂತೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ತಾಕತ್ತು ಇದಕ್ಕಿಲ್ಲ. ನೀರು ಇದನ್ನು ಗಬಕ್ಕನೆ ಹೀರಿಬಿಡುವುದರಿಂದ ಚರ್ಮದೊಳಗೆ ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟೇ ಇಳಿಯುತ್ತದೆ. ಗುಂಡಿಗೆ, ಪಿತ್ತಕೋಶಗಳ ಚಿಂತೆ ಬೇಡ. ನೋಡಬೇಕಾದದ್ದು ಚರ್ಮ ಮತ್ತು ಕಣ್ಣಿನ ಕಾರ್ನಿಯಾ.

ಅಲ್ಲಿ ಹೀರಿದ ಅಲೆಯ ಶಾಖವನ್ನು ಮೀರಿ ಏನಾದರೂ ಆಗುತ್ತದೆಯೇ? ಈ ಅಲೆ ಡಿಎನ್‌ಎಯ ಎರಡೆಳೆಗಳನ್ನು ಅಲ್ಲಲ್ಲಿ ಬಿಡಿಸಬಲ್ಲದು ಎಂದು ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದವರ ಲೆಕ್ಕಾಚಾರ 2010ರ ಸುಮಾರಿಗೆ ಸುದ್ದಿ ಮಾಡಿತು. ಅಷ್ಟಾಗಲು ವಾಸ್ತವದಲ್ಲಿ ಇರದಷ್ಟು ಪ್ರಬಲ ಅಲೆ ಬೇಕು ಎಂಬ ಮರುಲೆಕ್ಕ ಮರುವರ್ಷವೇ ಬಂತು. 2013ರಲ್ಲಿ ಕೆನಡಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮಕ್ಕೆ ತೀವ್ರ ಟೆರಾಹರ್ಟ್ಸ್ ಮಿಡಿತಗಳನ್ನು ಹಾಯಿಸಿದಾಗ ಡಿಎನ್‌ಎ ಹಾನಿಯ ಗುರುತು ಕಂಡಿತು. ಜೊತೆಗೇ ದುರಸ್ತಿಯ ಪ್ರೋಟೀನುಗಳೂ ಏರಿದ್ದವು. ಜರ್ಮನಿಯಲ್ಲಿ 0.106 ಟೆರಾಹರ್ಟ್ಸ್ ಅಲೆ ಕೋಶ ವಿಭಜನೆಯ ಕದಿರಿನಲ್ಲಿ (ಸ್ಪಿಂಡಲ್) ಏರುಪೇರು ತಂದದ್ದು 2011ರಲ್ಲಿ ವರದಿಯಾಯಿತು. ಅದೇ ತಂಡ ಮರುವರ್ಷ ಚರ್ಮದ ಕೋಶಗಳಲ್ಲಿ ಡಿಎನ್‌ಎ ಹಾನಿ ಹುಡುಕಿದಾಗ ಸಿಗಲಿಲ್ಲ. ಅಲೆಯ ಶಕ್ತಿ, ಅವಧಿ, ಕೋಶದ ಬಗೆ ಬದಲಾದಂತೆ ಉತ್ತರ ಬದಲಾಗುತ್ತಿದೆ. ಕೋಶಗಳಿರುವ ದ್ರವದ ಮೇಲ್ಪದರ ಮಾತ್ರ ಬಿಸಿಯಾಗಿ, ಥರ್ಮಾಮೀಟರ್ ಸರಾಸರಿಯನ್ನಷ್ಟೇ ತೋರಿಸಿದರೆ ಶಾಖದ ಪರಿಣಾಮವೇ ಬೇರೇನೋ ಎಂಬಂತೆ ಕಾಣುವ ಅಪಾಯವೂ ಉಂಟು.

ನನ್ನನ್ನು ಹೆಚ್ಚು ಕಾಡುವುದು ಮಾನದಂಡದಲ್ಲಿರುವ ಬಿರುಕು. ರೇಡಿಯೊ ಅಲೆಗಳ ಅಂತರರಾಷ್ಟ್ರೀಯ ಸುರಕ್ಷತಾ ಸೂತ್ರ 300 ಗಿಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಕೈಗೆ ಸಿಗುವುದು ಲೇಸರ್ ಬೆಳಕಿಗೆಂದು ಬರೆದ ಸೂತ್ರ. ಗೆರೆಯ ಈಚೆ, ಜನಸಾಮಾನ್ಯರ ಮೈಯ ಒಂದು ಭಾಗಕ್ಕೆ ತಾಗಬಹುದಾದ ಮಿತಿ ಚದರ ಮೀಟರಿಗೆ 20 ವಾಟ್. ಗೆರೆಯ ಆಚೆ, ಕಿರಿದಾದ ಕಿರಣಕ್ಕೆ 1000 ವಾಟ್. 1000 ವಾಟ್ ಎಂದರೆ ನಮ್ಮ ನಡುಹಗಲ ಬಿಸಿಲಿನ ಬಿರುಸು. ಅಳೆಯುವ ವಿಸ್ತೀರ್ಣ ಎರಡು ಸೂತ್ರಗಳಲ್ಲಿ ಬೇರೆಬೇರೆ ಎಂಬುದು ನಿಜ. ಆದರೆ ಗೆರೆ ದಾಟಿದೊಡನೆ ಚರ್ಮ ಐವತ್ತು ಪಟ್ಟು ಗಟ್ಟಿಯಾಗುವುದಿಲ್ಲ. ಲೇಸರ್ ಸೂತ್ರದ ಗರಿಷ್ಠ ಅವಧಿ 30,000 ಸೆಕೆಂಡು, ಅಂದರೆ ಒಂದು ದಿನದ ಪಾಳಿ. ಹಗಲೂ ಇರುಳೂ ಅಲೆಯ ನಡುವೆ ಬದುಕುವವರ ಲೆಕ್ಕ ಅದರಲ್ಲಿಲ್ಲ.

ಮಾನದಂಡದ ಈ ಖಾಲಿ ಜಾಗದಲ್ಲೇ ವ್ಯಾಪಾರವೂ ಬೇರು ಬಿಟ್ಟಿದೆ. ‘ಟೆರಾಹರ್ಟ್ಸ್’ ಎಂಬ ಹೆಸರಿನ ಬಿಸಿಗಾಳಿ ಯಂತ್ರ, ಕಲ್ಲುಗಳನ್ನು ಮಂಡಿನೋವು, ಸಕ್ಕರೆ ಕಾಯಿಲೆಗೆ ಮದ್ದೆಂದು ಮಾರಲಾಗುತ್ತಿದೆ. ಚರ್ಮದ ಕ್ಯಾನ್ಸರ್ ಗಡ್ಡೆಯ ಅಂಚು, ಕಾರ್ನಿಯಾದ ತೇವ ಗುರುತಿಸಲು ಈ ಅಲೆ ನೆರವಾಗಬಹುದೇ ಎಂಬ ಗಂಭೀರ ಸಂಶೋಧನೆ ಬೇರೆ. ಇನ್ಸುಲಿನ್ ಬಿಡಿಸುವ ಮಾರಾಟಗಾರರ ಮಾತು ಬೇರೆ. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಕಾನೂನಿನ ಕಡಿವಾಣ.

ಕಲಬುರಗಿಯಂಥ ಬಿಸಿಲನಾಡಿನ ಪ್ರಶ್ನೆಗಳನ್ನು ಬೇರೆ ದೇಶದವರು ಕೇಳಲಾರರು. 42 ಡಿಗ್ರಿಯಲ್ಲಿ ಮೂಟೆ ಹೊತ್ತು ಬಂದ ಹಮಾಲಿಯ ಮೈಮೇಲಿನ ಬೆವರಿನ ಪದರ ಈ ಅಲೆಯನ್ನು ಎಷ್ಟು ಹೀರುತ್ತದೆ? ಮೊದಲೇ ಕಾದ ಚರ್ಮಕ್ಕೆ ಎಷ್ಟು ಶಾಖ ಸೇರುತ್ತದೆ? ಧೂಳಿಗೆ ಒಣಗಿದ ಕಣ್ಣು ಹೇಗೆ ವರ್ತಿಸುತ್ತದೆ? ಗುಲಬರ್ಗಾ ವಿಶ್ವವಿದ್ಯಾಲಯ ಇಲ್ಲಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಊರೊಳಗೆ ವೈದ್ಯಕೀಯ ಕಾಲೇಜುಗಳಿವೆ. ಪ್ರಯೋಗದ ಅನುಮತಿ ಪಡೆಯುವ ಕಂಪನಿಗಳಿಂದ ಒಂದು ಪಾಲು ಹಣ ಇಂಥ ಅಧ್ಯಯನಕ್ಕೆ ಬರಬೇಕು, ಫಲಿತಾಂಶ ಏನೇ ಬಂದರೂ ಪ್ರಕಟವಾಗಬೇಕು ಎಂಬ ಷರತ್ತನ್ನು ಈಗಲೇ ಹಾಕಬಹುದು.

ಗಾಳಿಯ ತೇವವೂ ಈ ಅಲೆಯನ್ನು ನುಂಗುವುದರಿಂದ ಇದು ದೂರ ಸಾಗದು. ಹಾಗಾಗಿ ಪ್ರಸಾರಕಗಳು ಮಾಳಿಗೆ ಬಿಟ್ಟು ಓಣಿಯ ಕಂಬಕ್ಕೆ, ಅಂಗಡಿಯ ಗೋಡೆಗೆ, ಮನೆಯೊಳಗಿನ ಸೂರಿಗೆ ಇಳಿದಾವು. ಮೋಮಿನಪುರದ ಓಣಿಯಲ್ಲಿ ಅಂಥದ್ದೊಂದು ಪೆಟ್ಟಿಗೆ ಕೂರುವ ದಿನ, ಅದರ ಕೆಳಗೆ ಅಳತೆಯ ಅಂಕಿ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿರಬೇಕು. ಅದನ್ನು ಮತ್ತೊಮ್ಮೆ ಅಳೆದು ತೋರಿಸಿ ಎಂದು ಕೇಳುವ ತಾಯಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು.